ವಾಸನೆಯೂ ಅನುಮಾನವೂ

ಕಣ್ಣಿಗೂ ಕಿವಿಗೂ ಲೋಕದಲ್ಲಿ ಸಲ್ಲುವ ಮರ್ಯಾದೆ ಮೂಗಿಗೆ ಸಲ್ಲುವುದಿಲ್ಲ. ಕಂಡದ್ದನ್ನು ಬರೆದಿಡುವವರುಂಟು, ಕೇಳಿದ್ದನ್ನು ಹಾಡುವವರುಂಟು. ಮೂಸಿದ್ದನ್ನು ಕುರಿತು ನಾಲ್ಕು ಮಾತು ಬರೆದವರು ವಿರಳ. ಆದರೂ ಮನೆಯೊಂದರ ಆರೋಗ್ಯ ಕೆಟ್ಟಿತೆಂಬುದನ್ನು ಎಲ್ಲರಿಗಿಂತ ಮೊದಲು ತಿಳಿಯುವುದು ಮೂಗೇ ಎಂಬುದು ನಮ್ಮ ಅನುಭವ. ಈ ಅನುಭವವು ನಮಗೆ ಅಗ್ಗವಾಗಿ ದೊರೆತುದಲ್ಲ. ಸ್ವಲ್ಪ ಅಭಿಮಾನಭಂಗದ ಬೆಲೆ ತೆತ್ತು ಪಡೆದುದು. ಗೃಹಸ್ಥರಾದ ವಾಚಕರಿಗೆ ಪ್ರಯೋಜನವಾದೀತೆಂಬ ಭಾವನೆಯಿಂದ ಇಲ್ಲಿ ನಿವೇದಿಸುತ್ತಿದ್ದೇವೆ.

ನಾವು ಉಡುಪಿಯ ಸೀಮೆಯವರು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಹೊಯ್ಯುವ ನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ತೇವವೆಂದರೇನೆಂದು ಬೇರೊಬ್ಬರು ಹೇಳಿಕೊಡಬೇಕಾಗಿಲ್ಲ. ಆಟಿಯ ತಿಂಗಳಲ್ಲಿ ಗೋಡೆ ಬೆವರುವುದು, ಉಪ್ಪಿನ ಮರಿಗೆ ನೀರಾಡುವುದು, ಚರ್ಮದ ಚಪ್ಪಲಿಗೆ ಬೆಳ್ಳಗೆ ಬೂಸ್ಟು ಹಿಡಿಯುವುದು, ಒಣಗಲಾರದ ಪಂಚೆಯಿಂದ ಮುಗ್ಗಲು ವಾಸನೆ ಬರುವುದು, ಇವೆಲ್ಲ ನಮಗೆ ಬಾಲ್ಯದ ಒಡನಾಡಿಗಳು. ಹಿರಿಯರು ಅದಕ್ಕೆ ಉಪಾಯವನ್ನೂ ಮಾಡಿಟ್ಟಿದ್ದರು. ಅಡಿಗೆಮನೆಯ ಒಲೆಯ ನೇರಕ್ಕೆ ಅಟ್ಟವಿರುತ್ತಿತ್ತು. ಹಪ್ಪಳ, ಹುಣಿಸೆ, ಬೀಜದ ಭತ್ತ ಎಲ್ಲವೂ ಹೊಗೆಯ ಬಿಸಿಯಲ್ಲಿ ಅಲ್ಲಿ ಮಳೆಗಾಲ ಕಳೆಯುತ್ತಿದ್ದವು. ಪುಸ್ತಕದ ಕಪಾಟಿನಲ್ಲಿ ಬಜೆಯ ಬೇರು, ಬೇವಿನ ಸೊಪ್ಪು ಇಟ್ಟು, ಮಳೆ ಹಿಂದೆಗೆದೊಡನೆ ಒಂದೊಂದೇ ಗ್ರಂಥವನ್ನು ಬಿಸಿಲಿಗೆ ಬಿಡಿಸಿಡುವುದು ನಮ್ಮ ತಂದೆಯವರ ಪದ್ಧತಿಯಾಗಿತ್ತು. ಮನೆಯಲ್ಲಿ ಎಲ್ಲಕ್ಕಿಂತ ಒಣಗಿರುವ ಸ್ಥಳ ಅಟ್ಟ ಎಂಬುದು ನಮ್ಮ ಮನಸ್ಸಿನಲ್ಲಿ ಸಿದ್ಧಾಂತವಾಗಿ ನಿಂತಿತ್ತು. ಈ ಸಿದ್ಧಾಂತವು ಮುಂದೆ ಹೇಗೆ ತಲೆಕೆಳಗಾಯಿತೆಂಬುದನ್ನು ವಾಚಕರು ನೋಡುವರು.

ಮೂವತ್ತೈದು ವರ್ಷ ಮಕ್ಕಳಿಗೆ ಸಂಸ್ಕೃತ ಪಾಠ ಹೇಳಿ ನಿವೃತ್ತರಾದ ಮೇಲೆ, ಏಪ್ರಿಲ್ ತಿಂಗಳಲ್ಲಿ ನಾವೂ ನಮ್ಮ ಮನೆಯವರೂ ಅಮೆರಿಕದ ಹ್ಯೂಸ್ಟನ್ ನಗರದಲ್ಲಿರುವ ಮಗನ ಮನೆಗೆ ಆರು ತಿಂಗಳ ಮಟ್ಟಿಗೆ ಹೊರಟೆವು. ವಿಮಾನದವರು ಪೆಟ್ಟಿಗೆಯೊಂದಕ್ಕೆ 23 ಕಿಲೋ ಎಂದು ವಿಧಿಸಿದ್ದರು. ಒಂದು ಪೆಟ್ಟಿಗೆಯನ್ನು ನಮ್ಮ ಮನೆಯವರು ಉಪ್ಪಿನಕಾಯಿ, ಹಪ್ಪಳ, ಸಾರಿನ ಪುಡಿಗಳಿಂದ ತುಂಬಿದರು. ಇನ್ನೊಂದರಲ್ಲಿ ನಾವು ಹನ್ನೆರಡು ಪುಸ್ತಕಗಳನ್ನಿಟ್ಟುಕೊಂಡೆವು: ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದ ಹಳೆಯ ಪ್ರತಿಗಳು, ತಂದೆಯವರಿಂದ ಬಂದವು, ಅಂಚಿನಲ್ಲಿ ಅವರದೇ ಸೀಸದಕಡ್ಡಿಯ ಟಿಪ್ಪಣಿಗಳುಳ್ಳವು. ಐದು ವರ್ಷದ ಮೊಮ್ಮಗನಿಗೆ ಅಮರಕೋಶವನ್ನು ಬಾಯಿಪಾಠ ಮಾಡಿಸಬೇಕೆಂಬುದು ನಮ್ಮ ಸಂಕಲ್ಪ.

ಹ್ಯೂಸ್ಟನ್ ನಗರವು ಮೆಕ್ಸಿಕೋ ಕೊಲ್ಲಿಯ ತೀರಕ್ಕೆ ಸಮೀಪದ ಬಯಲಿನಲ್ಲಿದೆ. ಬೇಸಗೆಯಲ್ಲಿ ಅಲ್ಲಿಯ ಗಾಳಿ ನಮ್ಮ ಕರಾವಳಿಯ ಗಾಳಿಯಂತೆಯೇ ಮೈಗೆ ಅಂಟುವುದು. ಆದರೆ ಮನೆಗಳ ರೀತಿ ಬೇರೆ. ಕಿಟಕಿಗಳನ್ನು ತೆರೆಯುವ ಪದ್ಧತಿ ಕಡಮೆ. ಇಡೀ ಮನೆಗೆ ಒಂದೇ ತಂಪುಯಂತ್ರ. ಅದು ತಣಿಸಿದ ಗಾಳಿಯು ಡಕ್ಟು ಎಂಬ ದಪ್ಪ ಕೊಳವೆಗಳ ಮೂಲಕ ಕೋಣೆಕೋಣೆಗೂ ಹರಿದು ಚಾವಣಿಯ ಜಾಲಂಧ್ರಗಳಿಂದ ಇಳಿಯುತ್ತದೆ. ಕೋಣೆಯ ಬೆಚ್ಚನೆಯ ಗಾಳಿ ಮತ್ತೊಂದು ದೊಡ್ಡ ಜಾಲಂಧ್ರದ ಮೂಲಕ ಯಂತ್ರಕ್ಕೆ ಹಿಂದಿರುಗುತ್ತದೆ. ಈ ಕೊಳವೆಗಳೆಲ್ಲ ಇರುವುದು ಚಾವಣಿಯ ಮೇಲಿನ ಅಟ್ಟದಲ್ಲಿ. ದೇಹದಲ್ಲಿ ನಾಡಿಗಳಿರುವಂತೆ ಮನೆಗೆ ಇವು ಎಂದು ಮಗ ವಿವರಿಸಿದಾಗ ನಮಗೆ ಬಹಳ ಸಂತೋಷವಾಯಿತು.

ಎರಡು ತಿಂಗಳು ಸುಖವಾಗಿ ಕಳೆದವು. ಮೊಮ್ಮಗನು ರಾತ್ರಿ ನಮ್ಮ ಕೋಣೆಯಲ್ಲೇ ಮಲಗುತ್ತಿದ್ದನು. ದಿನಕ್ಕೊಂದು ಶ್ಲೋಕ ಸಾಗಿತ್ತು. ಜೂನ್ ನಡುವಿನಲ್ಲಿ ಮಗ ಸೊಸೆಯರು ಕೆಲಸದ ನಿಮಿತ್ತ ನಾಲ್ಕು ದಿನ ಡಲ್ಲಾಸಿಗೆ ಹೋಗಿ ಹಿಂದಿರುಗಿದರು. ಬಾಗಿಲು ತೆರೆದು ಒಳಗೆ ಬಂದ ಸೊಸೆ ಅಲ್ಲಿಯೇ ನಿಂತು, “ಇದೇನು ಮಾವ, ಒದ್ದೆ ಬಟ್ಟೆ ಮಡಚಿಟ್ಟ ಹಾಗೆ ವಾಸನೆ?” ಎಂದಳು. ನಮಗೆ ಏನೂ ತಿಳಿದಿರಲಿಲ್ಲ. ಮೂಗಿನ ಸ್ವಭಾವವೇ ಹಾಗೆ. ಒಂದೇ ವಾಸನೆಯಲ್ಲಿ ಬಹಳ ಹೊತ್ತು ಇದ್ದರೆ ಅದನ್ನು ಮರೆತುಬಿಡುತ್ತದೆ. ಮನೆಯ ವಾಸನೆ ಮನೆಯವರಿಗೆ ತಿಳಿಯದು, ಹೊರಗಿನಿಂದ ಬಂದವರಿಗೆ ತಿಳಿಯುತ್ತದೆ. ನಾವೂ ಅಂಗಳದಲ್ಲಿ ಹತ್ತು ನಿಮಿಷ ತಿರುಗಾಡಿ ಒಳಬಂದಾಗ ಅವಳ ಮಾತು ಸತ್ಯವೆಂದು ಕಂಡಿತು. ವಾಸನೆ ಎಲ್ಲಕ್ಕಿಂತ ಹೆಚ್ಚಾಗಿದ್ದುದು ನಮ್ಮ ಕೋಣೆಯಲ್ಲಿಯೇ.

ಅದೇ ವಾರ ಮಗುವಿಗೆ ರಾತ್ರಿಯ ಕೆಮ್ಮು ಹತ್ತಿತು. ಉಸಿರಿನಲ್ಲಿ ಸಣ್ಣ ಸಿಳ್ಳು ಕೇಳುತ್ತಿತ್ತು. ಮಕ್ಕಳ ವೈದ್ಯೆಯು ಪರೀಕ್ಷಿಸಿ ಔಷಧ ಕೊಟ್ಟು, “ಮನೆಯಲ್ಲಿ ಎಲ್ಲಿಯಾದರೂ ತೇವವೋ ಬೂಸ್ಟೋ ಇದೆಯೇ? ಇದ್ದರೆ ಉಬ್ಬಸದ ಮಕ್ಕಳಿಗೆ ಕೆಡುಕು” ಎಂದು ಕೇಳಿದರಂತೆ. ಅಂದು ಸಂಜೆ ಸೊಸೆಯು ನಮ್ಮ ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತು, ಕೊನೆಗೆ ತಗ್ಗಿದ ದನಿಯಲ್ಲಿ, “ಮಾವ, ತಪ್ಪು ತಿಳಿಯಬೇಡಿ. ಆ ಪುಸ್ತಕಗಳು ಊರಿನ ಮಳೆ ಕಂಡವು. ಸ್ವಲ್ಪ ದಿನ ಗ್ಯಾರೇಜಿನಲ್ಲಿ ಇಡೋಣವೇ?” ಎಂದಳು.

ವಾಚಕರೇ, ನಮಗೆ ನೋವಾಯಿತೆಂದು ಹೇಳಿದರೆ ಸುಳ್ಳಾಗದು. ಆದರೆ ಮಗುವಿನ ಉಸಿರಿನ ಮುಂದೆ ಪುಸ್ತಕ ದೊಡ್ಡದೆನ್ನಲು ಯಾವ ಅಜ್ಜನಿಗೆ ಬಾಯಿ ಬಂದೀತು? ಅಲ್ಲದೆ ನಾವು ತರ್ಕವನ್ನು ಓದಿದವರು. ಹಳೆಯ ಪುಸ್ತಕವೆಲ್ಲಿಯೋ ಮುಗ್ಗಲು ವಾಸನೆಯಲ್ಲಿ. ಈ ಕೋಣೆಯಲ್ಲಿ ಹಳೆಯ ಪುಸ್ತಕವಿದೆ. ಆದುದರಿಂದ ವಾಸನೆಯೂ ಇದೆ ಎಂದು ನಾವೇ ಅನುಮಾನವಾಕ್ಯವನ್ನು ರಚಿಸಿಕೊಂಡು ತಲೆಬಾಗಿದೆವು. ಹನ್ನೆರಡು ಗ್ರಂಥಗಳೂ ಬಟ್ಟೆಯಲ್ಲಿ ಸುತ್ತಿ ಮುಚ್ಚಳವುಳ್ಳ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಗ್ಯಾರೇಜು ಸೇರಿದವು. ಮಗುವಿನ ಹಾಸಿಗೆ ತಾಯಿಯ ಕೋಣೆಗೆ ಹೋಯಿತು. ಶ್ಲೋಕ ನಿಂತಿತು. ಮನೆಯಲ್ಲಿ ಎಲ್ಲರೂ ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದ ಮಾತನಾಡತೊಡಗಿದರು. ಕುಟುಂಬದಲ್ಲಿ ಅದು ಒಳ್ಳೆಯ ಲಕ್ಷಣವಲ್ಲ.

ಎರಡು ವಾರ ಕಳೆದರೂ ವಾಸನೆ ಹೋಗಲಿಲ್ಲ. ಆಗ ನಮಗೆ ತರ್ಕದಲ್ಲಿ ಬರುವ ಉಪಾಧಿಯೆಂಬ ದೋಷವು ನೆನಪಾಯಿತು. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ಸರಿ. ಆದರೆ ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆನ್ನಲಾಗದು. ಕಾಯ್ದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಬೆಂಕಿಗೆ ಹಸಿಯ ಸೌದೆ ಕೂಡಿದಾಗ ಮಾತ್ರ ಹೊಗೆ. ಆ ಹಸಿ ಸೌದೆಯ ಸಂಬಂಧವೇ ಅಲ್ಲಿ ಉಪಾಧಿ. ಎಷ್ಟು ವರ್ಷ ಹುಡುಗರಿಗೆ ಇದನ್ನೇ ಕೂಗಿ ಹೇಳಿದ ನಾವು ನಮ್ಮ ಮನೆಯಲ್ಲಿ ಮರೆತಿದ್ದೆವು. ಪುಸ್ತಕ ಹಳೆಯದಾದ ಮಾತ್ರಕ್ಕೆ ಮುಗ್ಗಲು ನಾರುವುದಿಲ್ಲ, ತೇವ ಕೂಡಬೇಕು. ಹಾಗಾದರೆ ಈ ಕೋಣೆಗೆ ತೇವ ಎಲ್ಲಿಂದ ಬಂದಿತು?

ನೀರಿಗೆ ತನ್ನದೆಂಬ ಗಂಧವಿಲ್ಲ, ಗಂಧವು ಪೃಥಿವಿಯ ಗುಣ, ನೀರಿನಲ್ಲಿ ತೋರುವ ವಾಸನೆ ಅದರಲ್ಲಿ ಬೆರೆತ ಪಾರ್ಥಿವಾಂಶದ್ದು ಎಂಬುದು ನಮ್ಮ ತಾರ್ಕಿಕರ ಮತ. ಈಗಿನ ವಿಜ್ಞಾನಿಗಳ ಮಾತು ಇದರಿಂದ ಬಹಳ ದೂರವಿಲ್ಲವೆಂದು ಮಗ ತೋರಿಸಿಕೊಟ್ಟನು. ಧೂಳು, ಕಾಗದ, ಮರಗಳ ಮೇಲೆ ತೇವ ನಿಂತರೆ ಅಲ್ಲಿ ಶಿಲೀಂಧ್ರಗಳೂ ಸೂಕ್ಷ್ಮಜೀವಿಗಳೂ ಬೆಳೆದು ತಮ್ಮ ಆವಿಗಳನ್ನು ಬಿಡುತ್ತವೆ. ನಮ್ಮ ಮೂಗಿಗೆ ಬರುವುದು ಆ ಆವಿಗಳು. ಮಣ್ಣಿನ ಕಂಪಿಗೆ ಕಾರಣವಾದ ಅಂಥದೊಂದು ವಸ್ತುವಿಗೆ 1965ರಲ್ಲಿ ಜಿಯೋಸ್ಮಿನ್ ಎಂದು ಹೆಸರಿಟ್ಟರಂತೆ. ಗ್ರೀಕಿನಲ್ಲಿ ಅದರ ಅರ್ಥ ಭೂಮಿಯ ವಾಸನೆಯೆಂದೇ. ಮೊದಲ ಮಳೆಯ ಮಣ್ಣಿನಲ್ಲಿ ಹಿತವಾದ ಅದೇ ಗಂಧ ಹಾಸಿಗೆಯ ಪಕ್ಕದಲ್ಲಿ ಬಂದರೆ ಅಹಿತವಾಗುತ್ತದೆ.

ನಾವು ಪರೀಕ್ಷೆಗೆ ತೊಡಗಿದೆವು. ವಾಸನೆಯು ದಿನವಿಡೀ ಒಂದೇ ಸಮನಾಗಿರಲಿಲ್ಲ. ಯಂತ್ರವು ಗುಂಯ್ಗುಟ್ಟಿ ತಣಿಸಲು ಹೊರಟಾಗ ಒಮ್ಮೆ ಭುಗಿಲೆನ್ನುತ್ತಿತ್ತು. ಕುರ್ಚಿಯ ಮೇಲೆ ನಿಂತು ಚಾವಣಿಯ ಜಾಲಂಧ್ರಕ್ಕೆ ಮೂಗು ಹಿಡಿದಾಗ ಸಂಶಯ ಉಳಿಯಲಿಲ್ಲ. ಅದರ ಅಂಚಿನಲ್ಲಿ ನೀರಹನಿಗಳಿದ್ದವು. ಪಕ್ಕದ ಬಿಳಿಯ ಚಾವಣಿಯಲ್ಲಿ ಕಾಫಿಯ ಲೋಟ ಇಟ್ಟಂತೆ ಕಂದು ಬಳೆಯೊಂದು ಮೂಡಿತ್ತು. ಮಗ ತಂದಿಟ್ಟ ತೇವಮಾಪಕವು ಕೋಣೆಯಲ್ಲಿ 68 ಪ್ರತಿಶತ ತೋರಿಸಿತು. ಮನೆಯೊಳಗೆ ಅದು 60ಕ್ಕಿಂತ ಕೆಳಗೆ, ಸಾಧ್ಯವಾದರೆ 30ರಿಂದ 50ರ ನಡುವೆ ಇರಬೇಕೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ.

ಮೊದಲು ಬಂದವರು ಕಡಮೆ ಬೆಲೆಯ ಜಾಹೀರಾತು ಹಂಚಿದ್ದ ಡಕ್ಟು ಶುದ್ಧಿಯವರು. ಅವರು ಮನೆಯ ಒಳಗೆ ಕಾಲಿಟ್ಟ ಮೇಲೆ ಬೆಲೆ ಬೆಳೆಯಿತು. ಕೊಳವೆಯೊಳಗೆ ದೊಡ್ಡ ಕುಂಚ ತಿರುಗಿಸಿ, ಧೂಳು ಹೀರಿ, ನಿಂಬೆಯ ಪರಿಮಳದ ಔಷಧ ಸಿಂಪಡಿಸಿ ಹೋದರು. ಮನೆ ಎಂಟು ದಿನ ನಿಂಬೆಯ ತೋಟದಂತಿತ್ತು. ಒಂಬತ್ತನೆಯ ದಿನ ಮುಗ್ಗಲು ಮರಳಿತು. ಮೇಲೆ ಹೇಳಿದ ಸಂಸ್ಥೆಯೇ, ಡಕ್ಟು ತೊಳೆಸುವುದರಿಂದ ರೋಗ ತಪ್ಪುತ್ತದೆಂದು ಸಿದ್ಧವಾಗಿಲ್ಲ, ತೇವದ ಮೂಲವನ್ನು ನಿಲ್ಲಿಸದಿದ್ದರೆ ಬೂಸ್ಟು ಮರಳುತ್ತದೆ ಎಂದು ಜನರಿಗೆ ತಿಳಿಸಿದೆ. ನಾವು ಹಣ ಕೊಟ್ಟ ಮೇಲೆ ಅದನ್ನು ಓದಿದೆವು. ಕೊಳೆತ ಹಲ್ಲಿಗೆ ಲವಂಗ ಹಚ್ಚಿದಂತಾಯಿತು ನಮ್ಮ ಚಿಕಿತ್ಸೆ.

ಆಗಸ್ಟ್ ಮೊದಲ ವಾರ ಎರಡನೆಯವನು ಬಂದನು. ಮೆಕ್ಸಿಕೋ ಮೂಲದ ಮಧ್ಯವಯಸ್ಸಿನ ಯಂತ್ರಿಕ, ಮಾತು ಕಡಮೆ. ಅವನು ಯಾವ ಉಪಕರಣವನ್ನೂ ಹೊರಗೆ ತೆಗೆಯದೆ ಮೊದಲು ಪ್ರತಿಯೊಂದು ಜಾಲಂಧ್ರದ ಕೆಳಗೆ ನಿಂತು ಮೂಸಿದನು. ಅದನ್ನು ಕಂಡು ಇವನು ನಮ್ಮವನೆಂದು ನಮಗೆ ಧೈರ್ಯ ಬಂದಿತು. ಬಳಿಕ ಮಗನನ್ನು ಕರೆದುಕೊಂಡು ಮಡಚುವ ಏಣಿಯಿಂದ ಅಟ್ಟಕ್ಕೆ ಹತ್ತಿದನು. ನಾವೂ ನಾಲ್ಕು ಮೆಟ್ಟಲು ಹತ್ತಿ ತಲೆ ತೂರಿಸಿದೆವು. ನಮ್ಮ ಊರಿನ ಅಟ್ಟದ ನೆನಪಿನಲ್ಲಿ ತಲೆಯೆತ್ತಿದವರಿಗೆ ಹಬೆಯ ಪಾತ್ರೆಯ ಮುಚ್ಚಳ ತೆರೆದಂತಾಯಿತು. ಬೇಸಗೆಯ ಮಧ್ಯಾಹ್ನ ಆ ಅಟ್ಟದಲ್ಲಿ 50 ಡಿಗ್ರಿ ಸೆಲ್ಸಿಯಸ್ ಬಿಸಿ. ಗಾಳಿಯೋ ಹೊರಗಿನ ಕಡಲ ಸೀಮೆಯ ಗಾಳಿ.

ಕಾರಣವನ್ನು ಅವನು ಒಂದೊಂದಾಗಿ ತೋರಿಸಿದನು. ತಣ್ಣೀರು ತುಂಬಿದ ಹಿತ್ತಾಳೆಯ ಚೊಂಬು ಹೊರಗಡೆ ಬೆವರುವುದನ್ನು ಎಲ್ಲರೂ ಬಲ್ಲರು. ಆ ಗಾಳಿಯಲ್ಲಿ 24 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಾದರೂ ಬೆವರುತ್ತದೆ. ಕೊಳವೆಯೊಳಗಿನ ಗಾಳಿ 13 ಡಿಗ್ರಿಯಷ್ಟು ತಣ್ಣಗಿರುತ್ತದೆ. ಆದುದರಿಂದಲೇ ಕೊಳವೆಗೆ ಗಾಜಿನ ನಾರಿನ ದಪ್ಪ ಹೊದಿಕೆ, ಅದರ ಮೇಲೆ ತೇವ ನುಸುಳದ ಹಾಳೆಯ ಕವಚ. ನಮ್ಮ ಕೋಣೆಯ ಕೊಳವೆಯಲ್ಲಿ ಆ ಕವಚ ಮೊಳದುದ್ದ ಹರಿದಿತ್ತು. ಜಾಲಂಧ್ರದ ಡಬ್ಬಿಯಿಂದ ಕೊಳವೆ ಅರ್ಧ ಕಳಚಿತ್ತು. ಬಿಸಿ ಒದ್ದೆಗಾಳಿಯು ತಣ್ಣನೆಯ ಕೊಳವೆಗೆ ತಾಗಿ, ನಾರಿನ ಹೊದಿಕೆಯು ಹಿಂಡಿದರೆ ನೀರಿಳಿಯುವಷ್ಟು ನೆನೆದು, ಕಪ್ಪಗಾಗಿತ್ತು. ಚಾವಣಿಯ ಕಂದು ಬಳೆ ಅದರದೇ ಹನಿ. ಗಾಳಿ ಹಿಂದಿರುಗುವ ಪೆಟ್ಟಿಗೆಯಲ್ಲೂ ಒಂದು ಬಿರುಕಿತ್ತು. ಯಂತ್ರವು ಉಸಿರೆಳೆದಾಗಲೆಲ್ಲ ಅಟ್ಟದ ಗಾಳಿಯನ್ನು ಅಲ್ಲಿಂದ ಹೀರುತ್ತಿತ್ತು. ಯಂತ್ರದ ನೀರು ಹೊರಹೋಗುವ ಸಣ್ಣ ನಳಿಕೆಯು ಲೋಳೆಯಿಂದ ಕಟ್ಟಿಕೊಂಡು, ಕೆಳಗಿನ ತಟ್ಟೆಯಲ್ಲಿ ನೀರು ನಿಂತಿತ್ತು.

ಇಷ್ಟು ಕೇಳಿದಾಗ, ಪುಸ್ತಕಗಳು ನಿರಪರಾಧಿಗಳೆಂಬ ತೀರ್ಪನ್ನು ಸೊಸೆಯ ಮುಂದೆ ಓದಬೇಕೆಂದು ನಮ್ಮ ಮನಸ್ಸು ತವಕಿಸುತ್ತಿತ್ತು. ಅವನು ಕೆಳಗಿಳಿದು, ನಡುಮನೆಯ ಗೋಡೆಯಲ್ಲಿದ್ದ ಯಂತ್ರದ ಗುಂಡಿಗಳನ್ನು ನೋಡಿ ಕೇಳಿದನು: “ಇಲ್ಲಿ ಫ್ಯಾನನ್ನು ಆಟೋ ಇಂದ ಆನ್ ಮಾಡಿದವರು ಯಾರು?”

ಮಗನೂ ಸೊಸೆಯೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಮೊಮ್ಮಗನು ತಡವಿಲ್ಲದೆ, “ಅಜ್ಜ!” ಎಂದನು.

ಅದು ನಿಜ. ಊರಿನಲ್ಲಿ ರಾತ್ರಿಯೆಲ್ಲ ತಲೆಯ ಮೇಲೆ ಫ್ಯಾನು ತಿರುಗುವ ಸದ್ದಿಗೆ ಒಗ್ಗಿದ ನಮಗೆ, ಈ ಯಂತ್ರವು ಆಗಾಗ ನಿಂತು ನಿಶ್ಶಬ್ದವಾಗುವಾಗ ಎಚ್ಚರವಾಗುತ್ತಿತ್ತು. ಮೇ ತಿಂಗಳ ಒಂದು ರಾತ್ರಿ ಎದ್ದು ಆ ಗುಂಡಿಯನ್ನು ಸರಿಸಿದ್ದೆವು. ಗಾಳಿ ಎಡೆಬಿಡದೆ ಬೀಸತೊಡಗಿತು, ನಿದ್ರೆಯೂ ಬಂದಿತು. ಅದರ ಫಲವನ್ನು ಅವನು ವಿವರಿಸಿದನು. ತಣಿಸುವಾಗ ಯಂತ್ರದ ತಣ್ಣನೆಯ ಸುರುಳಿಯ ಮೇಲೆ ಗಾಳಿಯ ತೇವವು ನೀರಾಗಿ ಕೂಡುತ್ತದೆ. ತಣಿಸುವುದು ನಿಂತ ಮೇಲೂ ಫ್ಯಾನು ತಿರುಗುತ್ತಿದ್ದರೆ, ಸುರುಳಿಯ ಮೇಲೂ ತಟ್ಟೆಯಲ್ಲೂ ಉಳಿದ ನೀರನ್ನು ಮತ್ತೆ ಆವಿಯಾಗಿಸಿ ಮನೆಯೊಳಗೇ ತಂದು ಸುರಿಯುತ್ತದೆ. ಬಾವಿಯಿಂದ ಸೇದಿದ ನೀರನ್ನು ಬಾವಿಗೇ ಚೆಲ್ಲಿದಂತೆ. ಅಟ್ಟದ ಹರಕು ಮನೆಯ ದೋಷ. ಮನೆಯೆಲ್ಲ ತೇವ ಹಬ್ಬಿಸಿದ್ದರಲ್ಲಿ ನಮ್ಮ ಪಾಲೂ ಇತ್ತು. ಆರು ವಾರ ಒಳಗೊಳಗೇ ಸೊಸೆಯ ಮೇಲೆ ಮುನಿದಿದ್ದ ನಾವು, ಪುಸ್ತಕಗಳು ಬಿಡುಗಡೆಯಾದ ಗಳಿಗೆಯಲ್ಲೇ ಕಟಕಟೆಯಲ್ಲಿ ನಿಂತೆವು. “ತಪ್ಪಾಯಿತಮ್ಮಾ” ಎಂದೆವು. ಅವಳು, “ನಾನೂ ಪುಸ್ತಕಗಳನ್ನೇ ದೂರಿದೆನಲ್ಲ ಮಾವ” ಎಂದು ಕಣ್ಣೊರಸಿಕೊಂಡಳು.

ನೆನೆದ ನಾರಿನ ಹೊದಿಕೆಯನ್ನು ತೊಳೆದು ಶುದ್ಧಮಾಡಲಾಗದು, ಬದಲಿಸಲೇಬೇಕು. ಹೊಸ ಕೊಳವೆ ಬಂದಿತು, ಸಂಧಿಗಳನ್ನು ಅಂಟುಲೇಪದಿಂದ ಮುಚ್ಚಿದರು, ನಳಿಕೆಯ ಲೋಳೆಯನ್ನು ಹೀರಿ ತೆಗೆದರು, ಸುರುಳಿಯನ್ನು ತೊಳೆದರು, ಗುಂಡಿ ಸ್ವಸ್ಥಾನಕ್ಕೆ ಮರಳಿತು. ಹತ್ತು ದಿನಗಳಲ್ಲಿ ಮಾಪಕವು 50ಕ್ಕೆ ಇಳಿಯಿತು. ಮಗುವಿನ ಕೆಮ್ಮೂ ಕ್ರಮೇಣ ತಗ್ಗಿತು. ಔಷಧವೂ ನಡೆದಿತ್ತಾದುದರಿಂದ ಎಲ್ಲ ಕೀರ್ತಿಯನ್ನೂ ಹೊಸ ಕೊಳವೆಗೆ ಕೊಡಲು ನಾವು ಸಿದ್ಧರಿಲ್ಲ. ಒಮ್ಮೆ ಅವಸರದ ಅನುಮಾನ ಮಾಡಿ ಪಾಠ ಕಲಿತಿದ್ದೇವೆ.

ಗ್ಯಾರೇಜಿನ ಪೆಟ್ಟಿಗೆಯನ್ನು ಅಂದೇ ತೆರೆದೆವು. ಅಲ್ಲಿ ತಂಪುಯಂತ್ರವಿಲ್ಲ, ಆರು ವಾರದ ಸೆಕೆಯೂ ತೇವವೂ ಮುಚ್ಚಳದೊಳಗೆ ಸಿಕ್ಕಿಬಿದ್ದಿದ್ದವು. ಇಲ್ಲದ ಅಪರಾಧಕ್ಕೆ ಶಿಕ್ಷೆ ಅನುಭವಿಸಿದ ಪುಸ್ತಕಗಳು ಈಗ ನಿಜವಾಗಿಯೂ ಬೂಸ್ಟು ಹಿಡಿದಿದ್ದವು. ರಘುವಂಶದ ಪ್ರತಿಯಲ್ಲಿ ತಂದೆಯವರ ಟಿಪ್ಪಣಿಗಳಿದ್ದ ಒಂಬತ್ತು ಹಾಳೆಗಳು ಒಂದಕ್ಕೊಂದು ಅಂಟಿ, ಅಕ್ಷರ ಮಸುಕಾಗಿ ಹೋಗಿದ್ದವು. ನಾವು ಏನೂ ಮಾತನಾಡಲಿಲ್ಲ. ಸೊಸೆಯೇ ಮೂಗುಬಾಯಿಗೆ ಮುಸುಕು ಕಟ್ಟಿಕೊಂಡು, ಮಗುವನ್ನು ದೂರವಿರಿಸಿ, ಹಿತ್ತಿಲ ನೆರಳಿನಲ್ಲಿ ಮೇಜು ಹಾಕಿ, ಮೃದುವಾದ ಕುಂಚದಿಂದ ಹಾಳೆ ಹಾಳೆಯನ್ನೂ ಒರಸಿದಳು. ಬಳಿಕ ಒಣಗಿದ ಕೋಣೆಯಲ್ಲಿ ಫ್ಯಾನಿನ ಮುಂದೆ ಬಿಡಿಸಿ ನಿಲ್ಲಿಸಿದಳು. ಎರಡು ಶನಿವಾರ, ಎರಡು ಭಾನುವಾರ ಈ ಕೆಲಸ ನಡೆಯಿತು. ಅವಳಿಗೆ ದೇವನಾಗರಿ ಅಷ್ಟಾಗಿ ಬಾರದು. ಆದರೂ ಸೀಸದಕಡ್ಡಿಯ ಗುರುತು ಕಂಡಲ್ಲೆಲ್ಲ ಕೈ ಹಗುರ ಮಾಡಿ, “ಇದು ಅಜ್ಜನವರದೇ ಅಲ್ಲವೇ ಮಾವ?” ಎಂದು ಕೇಳುತ್ತಿದ್ದಳು. ಒಂಬತ್ತು ಹಾಳೆಗಳಲ್ಲಿ ಆರು ಉಳಿದವು.

ಆ ದಿನಗಳಲ್ಲಿ ಮಗ ಹೇಳಿದ ಒಂದು ಸಂಗತಿ ನಮಗೆ ಬಹಳ ಹಿಡಿಸಿತು. ಈ ಯಂತ್ರವು ಹುಟ್ಟಿದುದು ಮನುಷ್ಯನ ಸುಖಕ್ಕಾಗಿ ಅಲ್ಲ, ಕಾಗದಕ್ಕಾಗಿ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ಬೇಸಗೆಯ ತೇವಕ್ಕೆ ಕಾಗದ ಹಿಗ್ಗಿ, ಒಂದರ ಮೇಲೊಂದು ಒತ್ತುವ ಬಣ್ಣಗಳು ಹೊಂದದೆ ಹೋಗುತ್ತಿದ್ದವು. ವಿಲ್ಲಿಸ್ ಕ್ಯಾರಿಯರ್ ಎಂಬ ಇಪ್ಪತ್ತೈದು ವರ್ಷದ ಯಂತ್ರಶಿಲ್ಪಿಯು ತಣ್ಣನೆಯ ಸುರುಳಿಗಳ ಮೇಲೆ ಗಾಳಿ ಹಾಯಿಸಿ ತೇವವನ್ನು ಹಿಡಿತಕ್ಕೆ ತರುವ ಉಪಾಯವನ್ನು ರೂಪಿಸಿದನು. ಕಾಗದವನ್ನು ಕಾಯಲು ಹುಟ್ಟಿದ ಯಂತ್ರದ ಮನೆಯಲ್ಲಿ ಕಾಗದಕ್ಕೇ ಗ್ಯಾರೇಜುವಾಸ ಆಯಿತಲ್ಲ ಎಂದು ನಮ್ಮ ಮನೆಯವರು ನಕ್ಕರು.

ಈಗ ನಮ್ಮ ಕರಾವಳಿಯ ಮನೆಗಳಲ್ಲೂ ಏಸಿ ಬಂದಿದೆ. ಇಲ್ಲಿ ಉದ್ದನೆಯ ಡಕ್ಟುಗಳಿಲ್ಲದಿದ್ದರೂ ತೇವದ ಧರ್ಮ ಒಂದೇ. ಆದುದರಿಂದ ಗೃಹಿಣಿಯರಿಗೂ ಗೃಹಸ್ಥರಿಗೂ ನಾಲ್ಕು ಮಾತು. ಏಸಿಯ ಧೂಳುಜಾಲರಿಯನ್ನು ತಿಂಗಳಿಗೊಮ್ಮೆಯಾದರೂ ತೊಳೆದು ಒಣಗಿಸಿ ಹಾಕಬೇಕು. ನೀರಿನ ನಳಿಕೆಯಿಂದ ಹೊರಗೆ ನೀರು ತೊಟ್ಟಿಕ್ಕುತ್ತಿದೆಯೇ ಎಂದು ನೋಡಬೇಕು. ಸೆಕೆಯ ದಿನ ಅದು ತೊಟ್ಟಿಕ್ಕದಿದ್ದರೆ ನೀರು ಒಳಗೆಲ್ಲೋ ನಿಂತಿದೆಯೆಂಬ ಶಂಕೆ ಇರಲಿ. ಏಸಿ ಓಡುವಾಗ ಕಿಟಕಿ ತೆರೆದಿಡುವುದೂ, ಅದೇ ಕೋಣೆಯಲ್ಲಿ ಬಟ್ಟೆ ಒಣಹಾಕುವುದೂ ಕೂಡದು. ಚಾಪೆಯೋ ಹಾಸಿಗೆಯೋ ನೆನೆದರೆ ಒಂದೆರಡು ದಿನಗಳೊಳಗೆ ಒಣಗಿಸಿಬಿಡಬೇಕು. ತಡವಾದರೆ ಬೂಸ್ಟಿಗೆ ಆಹ್ವಾನ. ಊದುಬತ್ತಿಯೂ ಸುಗಂಧದ್ರವ್ಯವೂ ವಾಸನೆಯನ್ನು ಮರೆಸುವುವೇ ಹೊರತು ಅದರ ಮೂಲವನ್ನು ಕೀಳಲಾರವು. ಹೊರಗಿನಿಂದ ಬಂದ ನೆಂಟರು ಮೂಗು ಸುಕ್ಕಿಸಿದರೆ ಕೋಪಿಸಿಕೊಳ್ಳಬಾರದು. ಅವರ ಮೂಗು ನಮ್ಮ ಮೂಗಿಗಿಂತ ಆಗ ಪ್ರಾಮಾಣಿಕ.

ಅನುಮಾನವೆಂಬ ಶಬ್ದಕ್ಕೆ ಶಾಸ್ತ್ರದಲ್ಲಿ ಒಂದು ಅರ್ಥ, ನಮ್ಮ ಮನೆಮಾತಿನಲ್ಲಿ ಇನ್ನೊಂದು. ಶಾಸ್ತ್ರದ ಅನುಮಾನವನ್ನು ಪೂರ್ತಿ ಮಾಡದೆ ಅರ್ಧಕ್ಕೆ ಬಿಟ್ಟರೆ ಅದು ಮನೆಮಾತಿನ ಅನುಮಾನವಾಗಿ ಉಳಿದು ಒಬ್ಬರ ಮೇಲೊಬ್ಬರಿಗೆ ಮನಸ್ಸು ಕೆಡಿಸುತ್ತದೆ. ಅಕ್ಟೋಬರಿನಲ್ಲಿ ನಾವು ಊರಿಗೆ ಹೊರಡುವಾಗ ಹನ್ನೊಂದು ಪುಸ್ತಕಗಳು ನಮ್ಮೊಂದಿಗೆ ಬಂದವು. ಅಮರಕೋಶವನ್ನು ಸೊಸೆ ಕೇಳಿ ಇಟ್ಟುಕೊಂಡಳು. ಅದು ಈಗ ಮಗುವಿನ ಕೋಣೆಯಲ್ಲಿ ತೇವಮಾಪಕದ ಪಕ್ಕದಲ್ಲಿದೆ. ಭಾನುವಾರಗಳಂದು ದೂರವಾಣಿಯಲ್ಲಿ ಅವನು ಒಂದೊಂದು ಶ್ಲೋಕ ಒಪ್ಪಿಸುತ್ತಾನೆ, ಕೊನೆಯಲ್ಲಿ ಮಾಪಕದ ಅಂಕವನ್ನೂ ಓದಿ ಹೇಳುತ್ತಾನೆ. ಕಳೆದ ವಾರ 47 ಇತ್ತು.